ಒಂದು ಟೇಬಲ್, ಒಂದು ಇಸ್ತ್ರಿ ಪೆಟ್ಟಿಗೆ, ಮೂವತ್ತು ಸಾವಿರ

ಬಂಡವಾಳ ಬೇಡ, ಓದು ಬೇಡ, ಹೊಸ್ತಿಲು ದಾಟುವುದೂ ಬೇಡ. ಒಂದು ಟೇಬಲ್, ಒಂದು ಇಸ್ತ್ರಿ ಪೆಟ್ಟಿಗೆ ಇದ್ದರೆ ತಿಂಗಳಿಗೆ ಮೂವತ್ತು ಸಾವಿರ ಎಣಿಸಬಹುದಂತೆ. ಮನೆಯಲ್ಲೇ ದುಡಿಯುವ ದಾರಿ ತೋರಿಸುವ ವಿಡಿಯೊಗಳಲ್ಲಿ, ಸ್ವಸಹಾಯ ಸಂಘಗಳ ಸಭೆಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಈ ಮಾತು ಈಗ ಧಾರಾಳವಾಗಿ ಕೇಳಿಬರುತ್ತದೆ. ಹಪ್ಪಳ, ಸಂಡಿಗೆ, ಮೇಣದ ಬತ್ತಿಯ ಪಟ್ಟಿಗೆ ಇಸ್ತ್ರಿಯೂ ಸೇರಿಕೊಂಡಿದೆ. ಗಂಡನ ಕೆಲಸ ಹೋಗಿ ಮನೆ ನಡೆಸುವ ಹೊಣೆ ಬಿದ್ದ ಹೆಂಗಸಿಗೆ, ಓದು ಅರ್ಧಕ್ಕೆ ನಿಂತ ಹುಡುಗನಿಗೆ, ನಿವೃತ್ತಿಯ ಮಾರನೆಯ ದಿನವೇ ಬೇಸರಪಡುವ ಹಿರಿಯರಿಗೆ, ಎಲ್ಲರಿಗೂ ಒಂದೇ ಉಪದೇಶ: ‘ಏನೂ ಬರದಿದ್ದರೂ ಪರವಾಗಿಲ್ಲ, ಇಸ್ತ್ರಿ ಶುರು ಮಾಡಿ.’

ನನ್ನ ತಕರಾರು ಆ ‘ಏನೂ ಬರದಿದ್ದರೂ’ ಎಂಬುದರ ಮೇಲೆ. ಹೇಳುವವರಿಗೆ ಕೆಟ್ಟ ಉದ್ದೇಶವಿಲ್ಲ, ಒಪ್ಪುತ್ತೇನೆ. ಆದರೆ ಧೈರ್ಯ ತುಂಬುವ ಹೆಸರಿನಲ್ಲಿ ಅವರು ಹೇಳುತ್ತಿರುವುದು, ಇದು ಯಾರು ಬೇಕಾದರೂ ಮಾಡಬಹುದಾದ, ಅದಕ್ಕೇ ಹೆಚ್ಚು ಬೆಲೆ ಕೊಡಬೇಕಿಲ್ಲದ ಕೆಲಸ ಎಂದು. ಇದನ್ನು ನಂಬಿ ಇಳಿದವರು ಮೂರು ತಿಂಗಳಲ್ಲಿ ಟೇಬಲ್ ಮಡಚುತ್ತಾರೆ. ಮಡಚುವ ಮುಂಚೆ ಎಂಟು ರೂಪಾಯಿಗೆ, ಆರು ರೂಪಾಯಿಗೆ ಅಂಗಿ ಉಜ್ಜಿಕೊಟ್ಟು, ಇದೇ ಕಸುಬಿನಲ್ಲಿ ಇಪ್ಪತ್ತು ವರ್ಷದಿಂದ ನಿಂತಿರುವ ತಳ್ಳುಗಾಡಿಯವನ ದರವನ್ನೂ ಕೆಡಿಸಿ ಹೋಗುತ್ತಾರೆ. ಇಬ್ಬರಿಗೂ ನಷ್ಟ. ಲಾಭ ಗರಿಗರಿ ಅಂಗಿ ಹಾಕಿಕೊಂಡು ಆಫೀಸಿಗೆ ಹೋದವನಿಗೆ.

ಮೊದಲು ಆ ಮೂವತ್ತು ಸಾವಿರದ ಲೆಕ್ಕ ನೋಡೋಣ. ದಿನಕ್ಕೆ 100 ಬಟ್ಟೆ, ಬಟ್ಟೆಗೆ 10 ರೂಪಾಯಿ, ತಿಂಗಳಿಗೆ 30 ದಿನ. ಗುಣಾಕಾರ ಸರಿಯಾಗಿದೆ, ಉಳಿದದ್ದೆಲ್ಲ ತಪ್ಪು. ಕೈ ಪಳಗಿದವರು ತುಂಬುತೋಳಿನ ಅಂಗಿಯೊಂದನ್ನು ಮೂರು ನಿಮಿಷದಲ್ಲಿ ಮುಗಿಸಿ ಮಡಿಕೆ ಹಾಕಬಲ್ಲರು. ಹೊಸಬರಿಗೆ ಆರೇಳು ನಿಮಿಷ ಬೇಕು. ನಡುವೆ ಐದು ನಿಮಿಷ ಎಂದು ಹಿಡಿದರೂ 100 ಬಟ್ಟೆಗೆ 500 ನಿಮಿಷ, ಅಂದರೆ ಎಂಟು ಗಂಟೆ ಇಪ್ಪತ್ತು ನಿಮಿಷ. ಅದೂ ನಿಂತುಕೊಂಡು. ಗಂಟು ತರುವುದು, ಎಣಿಸುವುದು, ಬೇರ್ಪಡಿಸುವುದು, ನೀರು ಚಿಮುಕಿಸುವುದು, ಕೊಟ್ಟುಬರುವುದು ಇದರಲ್ಲಿ ಸೇರಿಲ್ಲ. ಇದಕ್ಕೆ ‘ಬಿಡುವಿನ ವೇಳೆಯ ಸಂಪಾದನೆ’ ಎಂದು ಹೆಸರು! ಅಡುಗೆ, ಪಾತ್ರೆ, ಮಕ್ಕಳ ಹೋಂವರ್ಕು ಮುಗಿಸಿದ ಮೇಲೆ ಎಂಟೂವರೆ ಗಂಟೆ ಬಿಡುವು ಉಳಿಯುವ ಹೆಂಗಸನ್ನು ನಾನಂತೂ ಕಂಡಿಲ್ಲ.

ಅಷ್ಟು ಬಟ್ಟೆ ಎಲ್ಲಿಂದ ಬರಬೇಕು? ದಿನಕ್ಕೆ 100 ಎಂದರೆ ವಾರಕ್ಕೆ 700. ಒಂದು ಮನೆಯಿಂದ ವಾರಕ್ಕೆ ಹನ್ನೆರಡು ಬಟ್ಟೆ ಎಂದಿಟ್ಟುಕೊಂಡರೆ ಸುಮಾರು 58 ಮನೆ. ತರಲು ಒಂದು ಸಲ, ಕೊಡಲು ಒಂದು ಸಲ, ವಾರಕ್ಕೆ 116 ಬಾಗಿಲು. ‘ಹೊಸ್ತಿಲು ದಾಟುವುದೂ ಬೇಡ’ ಎಂದವರು ಇದನ್ನು ಯಾರ ಕಾಲಲ್ಲಿ ನಡೆಸಬೇಕೆಂದು ಹೇಳುವುದಿಲ್ಲ.

ಕರೆಂಟಿನ ಮಾತನ್ನೂ ಆಡಿಬಿಡೋಣ. ‘ಹೇಗೂ ಗೃಹಜ್ಯೋತಿ ಇದೆಯಲ್ಲ’ ಎಂಬುದು ಹೊಸ ಸಮಾಧಾನ. 2023ರಲ್ಲಿ ಬಂದ ಆ ಯೋಜನೆ ಗೃಹಬಳಕೆಗೆ ಇರುವಂಥದ್ದು. 2022–23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿದಷ್ಟು ಮಾತ್ರ ಉಚಿತ, 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಮ್ಮದೇ. ಸಾವಿರ ವಾಟಿನ ಪೆಟ್ಟಿಗೆ ಆರಿ ಹೊತ್ತಿ ಆರಿ ಹೊತ್ತಿ ಮೂರರಲ್ಲಿ ಎರಡು ಪಾಲು ಹೊತ್ತು ಉರಿಯಿತು ಎಂದುಕೊಂಡರೂ ಎಂಟೂಕಾಲು ಗಂಟೆಗೆ ಐದೂವರೆ ಯೂನಿಟ್, ತಿಂಗಳಿಗೆ 165. ಮನೆಯ ಮಾಮೂಲಿ 60 ಯೂನಿಟ್ ಸೇರಿದರೆ 225. ಉಚಿತವಾಗಿ ಬರುತ್ತಿದ್ದ 66 ಯೂನಿಟ್ಟೂ ಹೋಯಿತು. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಹಾಕಿದರೆ ಸಾವಿರದ ಮುನ್ನೂರ ಚಿಲ್ಲರೆ. ಮೇಲೆ, ಮನೆಯ ಮೀಟರಿನಲ್ಲಿ ವ್ಯಾಪಾರ ನಡೆಸುತ್ತೀರಾ ಎಂದು ಮೀಟರ್ ರೀಡರ್ ಕೇಳಿದರೆ ಕೊಡಬೇಕಾದ ಉತ್ತರ ಬೇರೆ. ಮೂವತ್ತು ಸಾವಿರ ನಿಜವಾಗಿ ಬರುವುದಾದರೆ ಇದು ದೊಡ್ಡ ಖರ್ಚಲ್ಲ. ಆದರೆ ಉಪದೇಶ ಮಾಡುವವರಲ್ಲಿ ಒಬ್ಬರೂ ಈ ಕೂಡುಕಳೆ ಹಾಕಿ ನೋಡಿದ ಲಕ್ಷಣ ಕಾಣುವುದಿಲ್ಲ ಎನ್ನುವುದಷ್ಟೇ ಇಲ್ಲಿ ನನ್ನ ಮಾತು.

ಇಷ್ಟಾದರೂ ದುಡ್ಡಿನ ಲೆಕ್ಕ ಸಣ್ಣದು. ದೊಡ್ಡ ಸುಳ್ಳು ‘ಇದರಲ್ಲಿ ಕಲಿಯುವುದೇನಿದೆ’ ಎಂಬುದು.

ಒಂದು ಅಂಗಿಯ ಕಾಲರನ್ನೇ ತೆಗೆದುಕೊಳ್ಳಿ. ಹೊಸಬರು ಅದನ್ನು ಮುಂಗಡೆಯಿಂದ, ಮಧ್ಯದಿಂದ ತುದಿಗೆ ಉಜ್ಜುತ್ತಾರೆ. ಬಟ್ಟೆ ಪೆಟ್ಟಿಗೆಯ ಮುಂದೆ ಮುಂದೆ ಸರಿದು ಕೊನೆಗೆ ಚೂಪು ತುದಿಯಲ್ಲಿ ಸಣ್ಣ ಮಡಿಕೆಯಾಗಿ ಕೂತುಬಿಡುತ್ತದೆ. ಕಾದ ಲೋಹ ಅದನ್ನು ಗಟ್ಟಿ ಮಾಡುತ್ತದೆ. ಇನ್ನೊಂದು ಒಗೆತದವರೆಗೆ ಆ ಸುಕ್ಕು ಹೋಗುವುದಿಲ್ಲ, ಹಾಕಿಕೊಂಡವರ ಮುಖದ ಕೆಳಗೇ ಕಾಣುತ್ತಿರುತ್ತದೆ. ಬಲ್ಲವರು ಮೊದಲು ಹಿಂಗಡೆ, ಎರಡೂ ತುದಿಯಿಂದ ಒಳಮುಖವಾಗಿ, ಆಮೇಲೆ ಮುಂಗಡೆ. ಅಲ್ಲಿಂದ ಭುಜದ ಪಟ್ಟಿ, ಕಫ್, ತೋಳು, ಗುಂಡಿಯ ಪಟ್ಟಿಯನ್ನು ಮಗುಚಿ ಹಿಂದಿನಿಂದ, ಕೊನೆಗೆ ಬೆನ್ನು. ಈ ಅನುಕ್ರಮ ತಪ್ಪಿದರೆ ಮೊದಲು ಮುಗಿಸಿದ ಭಾಗ ಎರಡನೆಯದನ್ನು ಮಾಡುವಾಗ ಮತ್ತೆ ಮುದುಡುತ್ತದೆ. ಪ್ಯಾಂಟಿನಲ್ಲಿ ಹಳೆಯ ಗೆರೆಯ ಮೇಲೆಯೇ ಹೊಸ ಗೆರೆ ಬೀಳಬೇಕು. ಒಂದು ಎಳೆ ಪಕ್ಕಕ್ಕೆ ಬಿದ್ದರೆ ಕಾಲಿಗೆರಡು ಗೆರೆ, ರೈಲು ಹಳಿ. ಕಪ್ಪು ಪ್ಯಾಂಟಿನ ಮೇಲೆ ಒದ್ದೆ ಬಟ್ಟೆ ಹಾಸದೆ ನೇರ ಉಜ್ಜಿದರೆ ತೊಡೆಯ ಮೇಲೆ ಎಣ್ಣೆ ಸವರಿದಂಥ ಹೊಳಪು. ಅದು ಮತ್ತೆ ಸುಲಭಕ್ಕೆ ಹೋಗುವುದಿಲ್ಲ.

ಇನ್ನು ಕಾವು. ಪೆಟ್ಟಿಗೆಯ ಚಕ್ರದ ಮೇಲೆ ಚುಕ್ಕಿಗಳಿರುತ್ತವೆ: ಒಂದು ಚುಕ್ಕಿಗೆ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಬಟ್ಟೆಯ ಒಳಗಿನ ಚೀಟಿಯಲ್ಲೂ ಅದೇ ಚುಕ್ಕಿ. ಆದರೆ ಗಂಟಿನಲ್ಲಿ ಬರುವ ಬಟ್ಟೆಗಳಲ್ಲಿ ಅರ್ಧಕ್ಕೆ ಚೀಟಿಯೇ ಇರುವುದಿಲ್ಲ, ಕತ್ತಿಗೆ ಚುಚ್ಚುತ್ತದೆಂದು ಕತ್ತರಿಸಿ ಎಸೆದಿರುತ್ತಾರೆ. ಪೂರ್ತಿ ಹತ್ತಿ ಎಂದು ಮಾರಿದ ಸೀರೆಯಲ್ಲಿ ಪಾಲಿಯೆಸ್ಟರ್ ಇರುತ್ತದೆ, ರೇಷ್ಮೆ ಎಂದು ಕೊಟ್ಟದ್ದು ರೇಷ್ಮೆಯಾಗಿರುವುದಿಲ್ಲ. ಮೂಲೆಯೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಿ ಇದು ಎಷ್ಟು ಕಾವು ತಡೆಯುತ್ತದೆ ಎಂದು ಹೇಳಬಲ್ಲವರು ಮಾತ್ರ ಇದನ್ನು ನಿಭಾಯಿಸಬಲ್ಲರು. ಪೆಟ್ಟಿಗೆ ಕಾಯುತ್ತಿರುವಾಗಲೇ ನೈಲಾನು, ಪಾಲಿಯೆಸ್ಟರ್ ಮುಗಿಸಿ, ಏರಿದ ಕಾವಿಗೆ ಹತ್ತಿ, ಲಿನನ್ ಕೊಟ್ಟು, ಸ್ವಿಚ್ ಆರಿಸಿದ ಮೇಲೆ ಉಳಿದ ಶಾಖದಲ್ಲಿ ಕರ್ಚೀಫು ತೆಗೆಯುವ ಜಾಣ್ಮೆ ಯಾವ ವಿಡಿಯೊದಲ್ಲೂ ಸಿಗದು. ಹಿಂದಿನ ರಾತ್ರಿಯೇ ನೀರು ಚಿಮುಕಿಸಿ ಸುರುಳಿ ಸುತ್ತಿಟ್ಟ ಹತ್ತಿ ಬಟ್ಟೆ ಬೆಳಿಗ್ಗೆ ಅರ್ಧ ಶ್ರಮಕ್ಕೆ ಮಣಿಯುತ್ತದೆ ಎಂಬುದೂ ಅಷ್ಟೇ.

ಕಲಿಯುವತನಕ ಏನಾಗುತ್ತದೆ? ಸುಡುತ್ತದೆ. ಮನೆಯದೇ ಬಟ್ಟೆ ಸುಟ್ಟರೆ ಬೈಗುಳ, ಪರರದು ಸುಟ್ಟರೆ ದಂಡ. ಜರಿಯಂಚಿನ ಸೀರೆಯೊಂದರ ಸೆರಗಿನಲ್ಲಿ ಬೆರಳಗಲ ಸುಟ್ಟರೆ, ಎಂಟು ಸಾವಿರದ ಸೀರೆಗೆ ಹತ್ತು ರೂಪಾಯಿಯಂತೆ 800 ಅಂಗಿ ಉಜ್ಜಬೇಕು. ‘ಬಂಡವಾಳ ಬೇಡ’ ಎನ್ನುವವರು ಈ ಸೀರೆಯನ್ನು ಯಾವ ಕಾಲಂನಲ್ಲಿ ಬರೆಯುತ್ತಾರೋ!

ಈಗ ನನಗೆ ಬಹಳ ಸಿಟ್ಟು ತರಿಸುವ ಸಂಗತಿಗೆ ಬರುತ್ತೇನೆ. ಬೆಂಗಳೂರಿನ ನಮ್ಮಂಥ ಬಡಾವಣೆಗಳಲ್ಲಿ ಈಚೆಗೆ ‘ಸೀರೆ ಪ್ರೀ ಪ್ಲೀಟಿಂಗ್’ ಎಂಬ ಮನೆ ಉದ್ಯೋಗ ಜೋರಾಗಿದೆ. ಮದುವೆಗೆ ಉಡುವ ಸೀರೆಯ ಸೆರಗು, ನೆರಿಗೆಗಳನ್ನು ಮೊದಲೇ ಮಡಿಸಿ, ಪಿನ್ನು ಹಾಕಿ, ಇಸ್ತ್ರಿ ಹಾಕಿ, ಪೆಟ್ಟಿಗೆಯ ಆಕಾರಕ್ಕೆ ಮಡಚಿ ಕೊಡುತ್ತಾರೆ. ಒಂದು ಸೀರೆಗೆ ಇನ್ನೂರು, ಮುನ್ನೂರು, ಐನೂರು. ತಪ್ಪೇನಿಲ್ಲ, ಆ ಕೆಲಸಕ್ಕೆ ಅಷ್ಟು ಸಲ್ಲಲೇಬೇಕು. ಆದರೆ ಅದೇ ಬೀದಿಯ ತಿರುವಿನಲ್ಲಿ ಅದೇ ಸೀರೆಯನ್ನು, ಅದೇ ಕಾವಿನಲ್ಲಿ, ಆರು ಕಿಲೋ ತೂಗುವ ಇದ್ದಿಲ ಪೆಟ್ಟಿಗೆ ಎತ್ತಿ ಇಳಿಸಿ ಇಸ್ತ್ರಿ ಮಾಡಿಕೊಡುವವನು ಐವತ್ತು ಕೇಳಿದರೆ ನಮ್ಮವರಿಗೆ ಕಣ್ಣು ಕೆಂಪಾಗುತ್ತದೆ. ‘ಅಕ್ಕ, ಇದ್ದಿಲು ದುಬಾರಿಯಾಗಿದೆ, ಅಂಗಿಗೆ ಇನ್ನೆರಡು ರೂಪಾಯಿ ಸೇರಿಸಿ ಕೊಡಬೇಕು’ ಎಂದರೆ, ‘ಏನಪ್ಪಾ, ಒಂದು ಸಲ ಉಜ್ಜೋದಕ್ಕೆ ಹನ್ನೆರಡು ರೂಪಾಯಾ!’ ಹೆಸರು ಇಂಗ್ಲಿಷಾಗಿ, ಕೈ ಬೇರೆ ಜಾತಿಯದಾಗಿ, ಫೋಟೊ ಇನ್‌ಸ್ಟಾಗ್ರಾಮಿನಲ್ಲಿ ಬಂದರೆ ಅದು ಕೌಶಲ. ಮಡಿವಾಳರ ಕೈಯಲ್ಲಿದ್ದರೆ ಉಜ್ಜೋದು.

ಇದು ಇಂದಿನ ರೋಗವಲ್ಲ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಅಗಸನೂ ಒಬ್ಬನಾಗಿದ್ದ. ವರ್ಷವಿಡೀ ಊರಿನ ಬಟ್ಟೆ ಒಗೆದು, ಮದುವೆಗೆ ನಡೆಮಡಿ ಹಾಸಿ, ಸುಗ್ಗಿಯಲ್ಲಿ ಕಣದ ಮುಂದೆ ನಿಂತರೆ ಆಯ, ಅಂದರೆ ಧಾನ್ಯದ ಪಾಲು, ಸಿಗುತ್ತಿತ್ತು. ಎಷ್ಟು ಮೊರ ಎಂದು ತೀರ್ಮಾನಿಸುತ್ತಿದ್ದವನು ಅಳೆಯುವವನು, ಪಡೆಯುವವನಲ್ಲ. ಕಣ ಹೋಗಿ ಅಪಾರ್ಟ್‌ಮೆಂಟ್ ಬಂತು, ಅಳೆಯುವ ಕೈ ಬದಲಾಗಲಿಲ್ಲ. ಮೆಟ್ಟಿಲ ಕೆಳಗೆ ಟೇಬಲ್ ಇಡಲು ಜಾಗ ಕೊಟ್ಟ ನಿವಾಸಿಗಳ ಸಂಘ ಅಂಗಿಗಿಷ್ಟು, ಪ್ಯಾಂಟಿಗಿಷ್ಟು ಎಂದು ದರಪಟ್ಟಿ ಟೈಪು ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸುತ್ತದೆ. ಅದೇ ಸಂಘ ನಿರ್ವಹಣಾ ಶುಲ್ಕವನ್ನು ಏರಿಸುವಾಗ ಇಸ್ತ್ರಿಯವನನ್ನು ಕೇಳುವುದಿಲ್ಲ.

ಗಿರಾಕಿ ಹಿಡಿಯುವ ಬಗ್ಗೆ ಕೊಡುವ ಸಲಹೆಗಳಂತೂ ಇನ್ನೂ ಸೊಗಸು. ವಾಟ್ಸ್ಯಾಪ್ ಸ್ಟೇಟಸ್ ಹಾಕಿ, ಕರಪತ್ರ ಹಂಚಿ, ಮೊದಲ ಹತ್ತು ಬಟ್ಟೆ ಉಚಿತ ಎನ್ನಿ, ಊರಿಗೆಲ್ಲ ‘ಫ್ರೀ ಪಿಕಪ್’ ಕೊಡಿ. ಇವನ್ನು ಪಾಲಿಸಿದವರಿಗೆ ಮೂರು ಕಿಲೋಮೀಟರ್ ಆಚೆಯಿಂದ ನಾಲ್ಕು ಅಂಗಿಯ ಕರೆ ಬರುತ್ತದೆ. ಸ್ಕೂಟರಿನ ಪೆಟ್ರೋಲಿಗೇ ಆ ನಲವತ್ತು ರೂಪಾಯಿ ಹೋಗುತ್ತದೆ. ಉಚಿತಕ್ಕೆ ಬಂದವರು ಹನ್ನೊಂದನೆಯ ಬಟ್ಟೆಗೆ ಬರುವುದಿಲ್ಲ. ಇಸ್ತ್ರಿಯ ವ್ಯಾಪಾರ ಜನರ ಸಂಖ್ಯೆಯಿಂದ ನಡೆಯುವುದಿಲ್ಲ, ಒತ್ತಟ್ಟಿಗೆ ಇರುವುದರಿಂದ ನಡೆಯುತ್ತದೆ. ಒಂದೇ ಕಟ್ಟಡದ ಇಪ್ಪತ್ತು ಮನೆ, ವಾರ್ಡಿನ ತುಂಬ ಚದುರಿದ ನೂರು ಮನೆಗಿಂತ ಮೇಲು. ಐದು ನಿಮಿಷ ನಡೆಯುವಷ್ಟು ದೂರ ಇದರ ಗಡಿ. ಅದರಾಚೆಯ ಗಿರಾಕಿ ಗಿರಾಕಿಯಲ್ಲ, ಖರ್ಚು.

ಆ ಗಡಿಯೊಳಗೂ ಎಲ್ಲರೂ ಒಂದೇ ಅಲ್ಲ. ಐಟಿಯವರ ಆಫೀಸಿನ ಅಂಗಿಯನ್ನೇ ನಂಬಿ ಕೂತವರಿಗೆ 2020ರ ಲಾಕ್‌ಡೌನ್ ಪಾಠ ಕಲಿಸಿತು. ಆಫೀಸು ಮುಚ್ಚಿದ ದಿನವೇ ಇಸ್ತ್ರಿಯೂ ನಿಂತಿತು. ಆ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 60,000 ಅಗಸರಿಗೆ ತಲಾ 5,000 ರೂಪಾಯಿ ಒಂದು ಸಲದ ಪರಿಹಾರ ಘೋಷಿಸಬೇಕಾಯಿತು. ಬಿಳಿ ಅಂಗಿ ಬಿಡಲಾಗದ ವಕೀಲರು, ಬ್ಯಾಂಕಿನವರು, ಹತ್ತಿ ಸೀರೆ ಉಡುವ ಮೇಷ್ಟ್ರಮ್ಮಂದಿರು, ಸಮವಸ್ತ್ರದ ಮಕ್ಕಳಿರುವ ಮನೆಗಳು, ಇವು ನಿಲ್ಲುವ ಗಿರಾಕಿಗಳು. ಇನ್ನೊಬ್ಬರಿದ್ದಾರೆ, ಯಾವ ಉಪದೇಶಕರೂ ಹೆಸರೆತ್ತದವರು: ಬೀದಿಯ ಟೈಲರು. ಹಬ್ಬದ ಗಡುವಿನಲ್ಲಿ ಹೊಲಿಗೆಯೇ ಮುಗಿಯದಿರುವಾಗ ಕಡೆಯ ಇಸ್ತ್ರಿಗೆ ಅವರಿಗೆ ಕೈ ಸಾಲದು. ಒಂದೇ ಬಾಗಿಲಿನಿಂದ ದಿನಕ್ಕೆ ಹದಿನೈದು ಬ್ಲೌಸು, ಚೂಡಿದಾರ ಬರಬಲ್ಲವು; ಕೊಳೆಯೂ ಇಲ್ಲ, ಎಣಿಕೆಯ ಜಗಳವೂ ಇಲ್ಲ.

ಎಣಿಕೆಯ ಜಗಳ ಎಂದೆ. ‘ಹದಿಮೂರು ಕೊಟ್ಟಿದ್ದೆ, ಹನ್ನೆರಡು ಬಂದಿದೆ’ ಎಂಬ ಒಂದು ಮಾತು ನಾಲ್ಕು ಮನೆ ಕಳೆಯುತ್ತದೆ. ಹಿಂದಿನವರು ಕೇರುಬೀಜದ ರಸದಿಂದ ಬಟ್ಟೆಯಂಚಿಗೆ ಅಳಿಯದ ಗುರುತು ಹಾಕುತ್ತಿದ್ದರು. ಈಗ ಬಣ್ಣದ ದಾರದ ಒಂದು ಹೊಲಿಗೆ, ಅಥವಾ ಮನೆ ನಂಬರು ಬರೆದ ಚೀಟಿ. ಕೊಡುವವರ ಎದುರೇ ಎಣಿಸಿ, ಹರಿದದ್ದು, ಗುಂಡಿ ಕಿತ್ತದ್ದು, ಕಲೆಯಿದ್ದದ್ದನ್ನು ತೋರಿಸಿ, ಪುಸ್ತಕದಲ್ಲಿ ಬರೆದುಕೊಳ್ಳದಿದ್ದರೆ ಹಳೆಯ ಕಲೆಗೆಲ್ಲ ಹೊಸ ಯಜಮಾನರು ನೀವೇ. ಉದ್ರಿಗೂ ಅದೇ ಪುಸ್ತಕ. ಎರಡು ವಾರದ ಬಾಕಿ ಕೇಳಲು ಸಂಕೋಚ, ಎರಡು ತಿಂಗಳದ್ದು ಕೇಳಿದರೆ ಗಿರಾಕಿ ಬೇರೆ ಬೀದಿಯಲ್ಲಿ ನಡೆಯತೊಡಗುತ್ತಾರೆ.

ಕೆಲವು ಬಟ್ಟೆ, ಕೆಲವು ಗಿರಾಕಿಯನ್ನು ಬೇಡ ಎನ್ನುವುದೂ ಕಸುಬಿನ ಭಾಗ. ಚಮಕಿ ಅಂಟಿಸಿದ ಲೆಹೆಂಗಾ ಒಲ್ಲೆ, ಒಗೆಯದ ಬೆವರಿನ ಅಂಗಿ ಒಲ್ಲೆ, ರಾತ್ರಿ ಹತ್ತಕ್ಕೆ ತಂದು ಬೆಳಿಗ್ಗೆ ಏಳಕ್ಕೆ ಬೇಕೆನ್ನುವವರು ಎರಡರಷ್ಟು ಕೊಡಬೇಕು. ‘ಗಿರಾಕಿ ದೇವರು, ಇಲ್ಲ ಎನ್ನಬಾರದು’ ಎಂದು ಹೆದರಿಸುವವರಿಗೆ ಮಡಿವಾಳ ಮಾಚಿದೇವರನ್ನು ನೆನಪಿಸಬೇಕು. 12ನೆಯ ಶತಮಾನದ ಆ ಶರಣರು ಕಾಯಕ ಮಾಡುವ ಶರಣರ ಬಟ್ಟೆಯನ್ನಷ್ಟೇ ಮಡಿ ಮಾಡುತ್ತಿದ್ದರು, ಮೈಗಳ್ಳರದನ್ನು ಮುಟ್ಟುತ್ತಿರಲಿಲ್ಲ ಎಂಬುದು ಪ್ರತೀತಿ. ಪ್ರತಿ ಫೆಬ್ರುವರಿ 1ರಂದು ಅವರ ಜಯಂತಿಯಲ್ಲಿ ಕಾಯಕದ ಘನತೆಯ ಭಾಷಣ ಮಾಡಿ ಬರುವವರೇ ಮನೆಗೆ ಬಂದು ಅಂಗಿಗೆ ಒಂದು ರೂಪಾಯಿ ಚೌಕಾಸಿ ಮಾಡುತ್ತಾರೆ.

ನನ್ನ ಮಾತಿಗೆ ಎದುರು ಬರುವವರು ಇದ್ದಾರೆ. ‘ನಮ್ಮ ಅತ್ತಿಗೆ ಮನೆಯಲ್ಲೇ ಇಸ್ತ್ರಿ ಮಾಡಿ ಮಗನನ್ನು ಓದಿಸಿದರು, ನೀವು ಬಡವರ ಉತ್ಸಾಹಕ್ಕೆ ತಣ್ಣೀರು ಎರಚುತ್ತೀರಿ’ ಎನ್ನುತ್ತಾರೆ. ಅಂಥವರನ್ನು ನಾನೂ ಬಲ್ಲೆ, ಕೈಮುಗಿಯುತ್ತೇನೆ. ಆದರೆ ಅವರ ದಿನಚರಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲ ಆರು ತಿಂಗಳು ಮನೆಯವರ, ನೆಂಟರ ಬಟ್ಟೆಯಲ್ಲೇ ಕೈ ಪಳಗಿಸಿಕೊಂಡಿರುತ್ತಾರೆ. ಎರಡೇ ಕಟ್ಟಡ ಹಿಡಿದು ಮೂರನೆಯದಕ್ಕೆ ಹೋಗಿರುವುದಿಲ್ಲ. ಕಾಲ ಕೆಳಗೆ ದಪ್ಪ ಗೋಣಿ ಹಾಸಿ, ಟೇಬಲನ್ನು ಸೊಂಟದ ಎತ್ತರಕ್ಕೆ ಇಟ್ಟಿಗೆ ಕೊಟ್ಟು ಏರಿಸಿಕೊಂಡಿರುತ್ತಾರೆ, ಇಲ್ಲದಿದ್ದರೆ ವರ್ಷದೊಳಗೆ ಬೆನ್ನು ಕೈಕೊಡುತ್ತದೆಂದು ಗೊತ್ತು. ಜೂನಿನಲ್ಲಿ ಶಾಲೆ ತೆರೆದಾಗ ಕೂಡಿಟ್ಟದ್ದು ಆಷಾಢದಲ್ಲಿ ಸೀರೆ ಬರದಾಗ ಬೇಕಾಗುತ್ತದೆ, ಶ್ರಾವಣದ ಗಳಿಕೆ ಬೇಸಿಗೆ ರಜೆಯಲ್ಲಿ ಬೀದಿಯೇ ಊರಿಗೆ ಹೋದಾಗ ಬೇಕಾಗುತ್ತದೆ ಎಂಬ ಅಂದಾಜು ಅವರಿಗಿದೆ. ‘ಏನೂ ಬರದೆ’ ಗೆದ್ದವರಲ್ಲ ಅವರು, ಎಲ್ಲ ಬಂದಮೇಲೆ ಗೆದ್ದವರು. ಅವರನ್ನು ಉದಾಹರಣೆಯಾಗಿ ತೋರಿಸಿ ‘ಏನೂ ಬೇಡ’ ಎನ್ನುವುದು ಅವರಿಗೇ ಮಾಡುವ ಅವಮಾನ.

ಕಸುಬಿನ ಹೊರಗಿನವರ ಉತ್ಸಾಹ ಎತ್ತ ಹರಿಯುತ್ತದೆ ಎನ್ನುವುದಕ್ಕೆ ಒಂದು ನೋಟ. ತಿರುವಣ್ಣಾಮಲೈಯ ಶಾಲಾ ಬಾಲಕಿ ವಿನಿಶಾ ಉಮಾಶಂಕರ್ ಸೌರಶಕ್ತಿಯ ಇಸ್ತ್ರಿ ಗಾಡಿ ರೂಪಿಸಿ 2021ರಲ್ಲಿ ಅರ್ಥ್‌ಶಾಟ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದಳು, ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಮಾತನಾಡಿದಳು. ಇದ್ದಿಲ ಹೊಗೆ ತಪ್ಪಿಸುವ ಅವಳ ಯೋಚನೆ ನಿಜಕ್ಕೂ ದೊಡ್ಡದು, ಆ ಹುಡುಗಿಗೆ ನನ್ನ ಮೆಚ್ಚುಗೆಯೂ ಸೇರಲಿ. ಚಪ್ಪಾಳೆ ತಟ್ಟಿದ ಮಧ್ಯಮ ವರ್ಗದವರಲ್ಲಿ ಎಷ್ಟು ಮಂದಿ ತಮ್ಮ ಬೀದಿಯ ಗಾಡಿಯವನಿಗೆ ಅಂಗಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರು? ಗಾಡಿಯನ್ನು ಬದಲಿಸುವುದು ನಮಗೆ ಇಷ್ಟ, ದರವನ್ನು ಬದಲಿಸುವುದು ಕಷ್ಟ.

ಸರ್ಕಾರ ಕಾಗದದ ಮೇಲಾದರೂ ನಮ್ಮ ಉಪದೇಶಕರಿಗಿಂತ ಮುಂದಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಕಮ್ಮಾರ, ಅಕ್ಕಸಾಲಿಗರ ಜೊತೆಗೆ ಅಗಸರೂ ಇದ್ದಾರೆ. ತರಬೇತಿಯ ಪ್ರತಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದರೆ ಎರಡು ಲಕ್ಷ ಸಾಲ. ಕಲಿಯುವುದಕ್ಕೇ ದಿನಗೂಲಿ ಕೊಡುವ ಕೆಲಸವನ್ನು ಕಲಿಯದೆಯೇ ಮಾಡಬಹುದು ಎಂದು ಸಾರುತ್ತ ತಿರುಗುವವರಿಗೆ ಇದು ಕಣ್ಣಿಗೆ ಬಿದ್ದಿಲ್ಲ.

ಆದ್ದರಿಂದ ಸಂಘಗಳ ಮುಂದಿನ ಸ್ವಉದ್ಯೋಗ ಶಿಬಿರದಲ್ಲಿ ಇಸ್ತ್ರಿಯ ವಿಷಯ ಬರುವುದಾದರೆ ವೇದಿಕೆಯ ಮೇಲೆ ಮೈಕು ಹಿಡಿದ ಸ್ಫೂರ್ತಿ ಭಾಷಣಕಾರರು ಬೇಡ. ಹತ್ತಿರದ ತಳ್ಳುಗಾಡಿಯ ಮಡಿವಾಳರೊಬ್ಬರನ್ನು ಕರೆಯಲಿ. ಭಾಷಣಕಾರರಿಗೆ ಕೊಡುತ್ತಿದ್ದ ಸಂಭಾವನೆಯನ್ನು, ಶಾಲು ಹಾರದ ಖರ್ಚನ್ನೂ ಸೇರಿಸಿ, ಅವರ ಕೈಗೆ ಕೊಡಲಿ, ಅಂದು ಗಾಡಿ ನಿಂತದ್ದಕ್ಕೆ ಒಂದು ದಿನದ ಗಳಿಕೆಯನ್ನು ಬೇರೆ ಕಟ್ಟಿಕೊಡಲಿ. ಕಲಿಯಲು ಬಂದವರು ಮನೆಯಿಂದ ತಲಾ ಐದು ಹಳೆಯ ಬಟ್ಟೆ ತರಬೇಕು, ಐದೂ ಬೇರೆ ಬೇರೆ ನೂಲಿನದು, ಒಂದಾದರೂ ಸುಟ್ಟರೆ ಅಳಬಾರದಂಥದ್ದು. ಚೀಟಿ ನೋಡದೆ ಬಟ್ಟೆ ಗುರುತಿಸುವ ಪಾಠಕ್ಕೇ ಮೊದಲ ಎರಡು ದಿನ ಹೋಗುತ್ತದೆ. ದರಪಟ್ಟಿ ಬರೆಯುವುದು ಕೊನೆಯ ದಿನಕ್ಕಿರಲಿ, ಮತ್ತು ಬರೆಯುವ ಮುಂಚೆ ಆ ಬೀದಿಯ ಗಾಡಿಯ ದರ ಕೇಳಿಕೊಂಡು ಬಂದಿರಲಿ. ಅದಕ್ಕಿಂತ ಒಂದು ರೂಪಾಯಿ ಕಡಿಮೆ ಬರೆದವರಿಗೆ ಪ್ರಮಾಣಪತ್ರ ಕೊಡಕೂಡದು.